ಕೀಮೋ ಶುರುವಾಗುವ ಮೊದಲು ತಂಗಿಯನ್ನೇ ಕೇಳು

ನವನಗರ, ಬಾಗಲಕೋಟೆ

ಪ್ರೀತಿಯ ಬಸು,

ತಂಗಿಯ ಸ್ತನದ ಕ್ಯಾನ್ಸರ್ ಆಪರೇಶನ್ನಿನ ಹೊಲಿಗೆ ಒಣಗುತ್ತ ಬಂದಿವೆ, ಇನ್ನು ಮೂರು ವಾರಕ್ಕೆ ಕೀಮೋ ಅಂದೆಯಲ್ಲ, ಆ ಮೂರು ವಾರದ ಸಲುವಾಗಿಯೇ ಈ ಪತ್ರ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಕಾಕಾ ಪಕ್ಕದಲ್ಲೇ ಕೂತಿದ್ದರು. "ಮೊದಲ ಜೀವ ಉಳೀಲಿ, ಮಕ್ಳು-ಮರಿ ಮಾತು ಆಮ್ಯಾಲೆ" ಅಂದದ್ದು ನನಗೂ ಕೇಳಿಸಿತು. ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ಆಮೇಲೆ ಆಡುವ ಮಾತಲ್ಲ ಬಸು. ಮೊದಲ ಸಲೈನ್ ಏರಿಸುವ ಮುಂಚೆಯೇ ಆಗಬೇಕು.

ಕೂದಲು ಉದುರುತ್ತದೆ ಎಂದು ಎಲ್ಲರೂ ಮೊದಲೇ ಹೇಳಿ ಮನಸ್ಸು ಗಟ್ಟಿ ಮಾಡಿಸುತ್ತಾರೆ. ಕೂದಲು ಮತ್ತೆ ಬರುತ್ತದೆ. ಅಂಡಾಶಯದೊಳಗಿನ ತತ್ತಿ, ಅಂದರೆ ಅಂಡಾಣು, ಮತ್ತೆ ಬರುವುದಿಲ್ಲ. ಹೆಣ್ಣುಕೂಸು ಹುಟ್ಟುವಾಗಲೇ 10ರಿಂದ 20 ಲಕ್ಷ ತತ್ತಿ ಹೊತ್ತು ಬಂದಿರುತ್ತದೆ, ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ. ನೀನು ಕಳಿಸಿದ ಚೀಟಿಯಲ್ಲಿ ಸೈಕ್ಲೋಫಾಸ್ಫಮೈಡ್ ಇದೆ. ನಾನು ಔಷಧಿ ಅಂಗಡಿಯವನು, ಡಾಕ್ಟರಲ್ಲ, ಆದರೂ ಅಂಡಾಶಯಕ್ಕೆ ಹೆಚ್ಚು ಪೆಟ್ಟು ಕೊಡುವ ಔಷಧಿಗಳಲ್ಲಿ ಅದೂ ಒಂದು ಎಂಬುದು ಗೊತ್ತು. ತಂಗಿಯದಿನ್ನೂ ಸಣ್ಣ ವಯಸ್ಸು, ಕೀಮೋ ಮುಗಿದ ಮೇಲೆ ಮುಟ್ಟು ಮರಳಿ ಬರಬಹುದು. ಬಂದರೂ ಒಳಗಿನ ದಾಸ್ತಾನು ಕಡಿಮೆಯಾಗಿರುತ್ತದೆ.

ದಾರಿ ಇದೆ. ದಿನಾ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ತತ್ತಿ ಬೆಳೆಸುತ್ತಾರೆ, ನಡುನಡುವೆ ಸೋನೋಗ್ರಾಫಿ ಮಾಡಿ ನೋಡುತ್ತಾರೆ, 10ರಿಂದ 14 ದಿನದಲ್ಲಿ ಮಂಪರು ಕೊಟ್ಟು ಸೂಜಿಯಿಂದ ತತ್ತಿ ಹೊರತೆಗೆದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಥಂಡಿಯಲ್ಲಿ ಇಡುತ್ತಾರೆ. ಮೊದಲೆಲ್ಲ ಮುಟ್ಟಿನ ದಿನಕ್ಕೆ ಕಾಯಬೇಕಿತ್ತು, ಈಗ ಯಾವ ದಿನ ಬೇಕಾದರೂ ಶುರು ಮಾಡುತ್ತಾರೆ. ಸ್ತನದ ಕ್ಯಾನ್ಸರ್ ಆದವರಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಏರದಂತೆ ಲೆಟ್ರೊಜೋಲ್ ಗುಳಿಗೆಯನ್ನೂ ಜೊತೆಗೆ ಕೊಡುತ್ತಾರೆ. ರಕ್ತದ ಕ್ಯಾನ್ಸರಿನ ಕೆಲವು ಬಗೆಯಲ್ಲಿ ಇಷ್ಟು ಪುರಸೊತ್ತು ಸಿಗುವುದಿಲ್ಲ, ನಿಮಗೆ ಸಿಕ್ಕಿದೆ. ಇಷ್ಟೆಲ್ಲ ಮಾಡಿದರೂ ಮಗು ಆಗಿಯೇ ಆಗುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ. ಹಾಗೆ ಬರೆದು ಕೊಡುವವರಿದ್ದರೆ ಅಲ್ಲಿಂದ ಎದ್ದು ಬಾ.

ತಿಂಗಳಿಗೊಮ್ಮೆ ಗೋಸೆರೆಲಿನ್ ಇಂಜೆಕ್ಷನ್ ಕೊಟ್ಟು ಅಂಡಾಶಯವನ್ನು ಮಲಗಿಸಿಡುವ ಪದ್ಧತಿಯೂ ಇದೆ. ಕೀಮೋಗೆ ಒಂದು ವಾರ ಮುಂಚೆಯಾದರೂ ಶುರುವಾಗಬೇಕು. ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ನನ್ನ ಅಂಗಡಿಯಿಂದ ತತ್ತಿ ಬೆಳೆಸುವ ಇಂಜೆಕ್ಷನ್ ಒಯ್ಯುವವರು ಹೆಚ್ಚಾಗಿ ಮಕ್ಕಳಾಗದೆ ಚಿಕಿತ್ಸೆ ತಗೊಳ್ಳುವ ಹೆಣ್ಣುಮಕ್ಕಳು. ಬೀಳಗಿ ಬಸ್ಸಿನ ಅವಸರದಲ್ಲಿ ಥರ್ಮಾಕೋಲ್ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಊರು ಮುಟ್ಟೋದರೊಳಗೆ ಐಸ್ ಕರಗೀತೇನು ಎಂದು ಕೇಳಿಕೊಂಡು ಹೋಗುತ್ತಾರೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಸಕ್ಕರಿ ಬ್ಯಾನಿ ಇಂಜೆಕ್ಷನ್ ರೀ" ಅಂದುಬಿಡುತ್ತಾರಂತೆ. ನಿಮ್ಮ ಮನೆಯಲ್ಲೂ ಇದೇ ಅಂಜಿಕೆ ಎಂದು ಬಲ್ಲೆ. ಊರಿಗೆ ಗೊತ್ತಾದರೆ ಮುಂದೆ ವರ ಸಿಗುವುದು ಹೇಗೆ ಎಂದು ಅವ್ವ ಅತ್ತರು ಅಂದೆ. ಊರಿನ ಬಾಯಿಗೆ ಹೆದರಿ ಈ ಮೂರು ವಾರ ಕಳೆದರೆ ನನಗಂತೂ ಸಿಟ್ಟು ಬರುತ್ತದೆ.

ಮದುವೆಯಾಗಿಲ್ಲ ಎಂಬುದು ಅಡ್ಡಿಯಲ್ಲ. ಗಂಡನಿದ್ದರೆ ಭ್ರೂಣ ಮಾಡಿ ಇಡಬಹುದು, ಇಲ್ಲದಿದ್ದರೆ ಬರೀ ತತ್ತಿ. 2021ರ ಎಆರ್‌ಟಿ ಕಾಯ್ದೆಯ (ಐವಿಎಫ್‌ನಂಥ ಸಂತಾನ ಚಿಕಿತ್ಸೆಯ ಕಾನೂನು) ಪ್ರಕಾರ ನೋಂದಣಿಯಾದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ಆಕೆಯದೇ ಲಿಖಿತ ಒಪ್ಪಿಗೆ ಬೇಕು, 10 ವರ್ಷದವರೆಗೆ ಇಡಬಹುದು. ಬೆಳಗಾವಿ, ಹುಬ್ಬಳ್ಳಿಯಲ್ಲಿ ಐವಿಎಫ್ ಸೆಂಟರ್‌ಗಳಿವೆ. ಇಂಜೆಕ್ಷನ್ನಿಗೆಷ್ಟು, ತೆಗೆಯಲಿಕ್ಕೆಷ್ಟು, ವರ್ಷವರ್ಷ ಇಡಲಿಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಕೇಳು. ಹೋಗುವ ಮುಂಚೆ ಕ್ಯಾನ್ಸರ್ ಡಾಕ್ಟರಿಗೆ ಹೇಳು. ಅವರೂ ಇವರೂ ಮಾತಾಡಿಕೊಂಡರೆ ಕೀಮೋ ದಿನ ಮುಂದೆ ಹೋಗದಂತೆ ಹೊಂದಿಸಬಹುದು.

10 ವರ್ಷ ಬಹಳ ಅನ್ನಿಸೀತು. ಗಂಟು ಹಾರ್ಮೋನ್ ಪಾಸಿಟಿವ್, ಅಂದರೆ ಹೆಣ್ಣು ಹಾರ್ಮೋನಿನ ಬಲದಿಂದ ಬೆಳೆಯುವ ಬಗೆ, ಆಗಿದ್ದರೆ ಕೀಮೋ ಬಳಿಕ ಟಮಾಕ್ಸಿಫೆನ್ ಗುಳಿಗೆಯೇ ಐದು ವರ್ಷ, ಒಮ್ಮೊಮ್ಮೆ ಹತ್ತು. ಅದನ್ನು ನುಂಗುವಾಗ ಬಸುರಾಗುವಂತಿಲ್ಲ. 2023ರಲ್ಲಿ 'ಪಾಸಿಟಿವ್' ಎಂಬ ಅಧ್ಯಯನ ಪ್ರಕಟವಾಯಿತು. ಅದರಲ್ಲಿ 500ಕ್ಕೂ ಹೆಚ್ಚು ಹೆಂಗಸರು ಇಂಥ ಹಾರ್ಮೋನ್ ಚಿಕಿತ್ಸೆಯನ್ನು 18ರಿಂದ 30 ತಿಂಗಳು ತಗೊಂಡು, ಆಮೇಲೆ ಎರಡು ವರ್ಷದವರೆಗೆ ನಿಲ್ಲಿಸಿ ಮಗುವಿಗೆ ಪ್ರಯತ್ನಿಸಿದರು. ಮೂರು ವರ್ಷಕ್ಕೂ ಮೇಲ್ಪಟ್ಟು ನೋಡಿದಷ್ಟರಲ್ಲಿ ಕ್ಯಾನ್ಸರ್ ಮರಳುವುದೇನೂ ಹೆಚ್ಚಾಗಿರಲಿಲ್ಲ. ಇದನ್ನು ಅವ್ವನಿಗೆ ಓದಿ ಹೇಳು.

ನಿನ್ನ ನಾದಿನಿಗೆ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಚೀಲ) ಆಪರೇಶನ್ ಹೇಳಿದ್ದಾರಲ್ಲ, ಅವರಿಗೂ ಮೊದಲು ಎಎಂಎಚ್ ರಕ್ತಪರೀಕ್ಷೆ ಮಾಡಿಸಲು ಹೇಳು, ತತ್ತಿ ಎಷ್ಟು ಉಳಿದಿವೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಸಿಸ್ಟ್ ಸುಲಿದು ತೆಗೆಯುವಾಗ ಒಳ್ಳೆಯ ಭಾಗವೂ ಒಂದಿಷ್ಟು ಹೋಗುತ್ತದೆ.

ಈಗ ಮುಖ್ಯ ಕೆಲಸ. ಕಾಕಾ, ಅವ್ವ ಯಾರೂ ಇಲ್ಲದಾಗ ತಂಗಿಯನ್ನು ಕೂರಿಸಿಕೊಂಡು ಕೇಳು. ಬೇಡ ಅಂದರೆ ಅಲ್ಲಿಗೆ ಬಿಡು, ಅದು ಅವಳ ಮಾತು. ಹೂಂ ಅಂದರೆ ನಾಳೆಯೇ ಫೋನ್ ಮಾಡು. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್ (ಹಾರ್ಮೋನ್ ಪಾಸಿಟಿವ್ ಹೌದೋ ಅಲ್ಲವೋ ತಿಳಿಸುವ ಪರೀಕ್ಷೆ) ಎಂದು ಬರೆದ ಪುಟ ನೀನು ಕಳಿಸಿದ ಫೋಟೋದಲ್ಲಿ ಬಂದಿಲ್ಲ, ಅದನ್ನು ವಾಟ್ಸಾಪ್ ಮಾಡು. ಇಂಜೆಕ್ಷನ್ ತರಿಸಿ ಫ್ರಿಜ್ಜಿನಲ್ಲಿಡುವುದು ನನಗಿರಲಿ, ದುಡ್ಡಿನ ಮಾತು ಈಗ ಬೇಡ.

ನಿನ್ನ,
ಮಲ್ಲು