ಅಂಗಳದ ಸೋಫಾಕ್ಕೆ ‘ವಾಟರ್‌ಪ್ರೂಫ್’ ಬೇಡ, ನೀರು ಇಳಿದುಹೋಗಲಿ

ಮಾನ್ಯ ಸಂಪಾದಕರೇ,

ನಂದಿ ಬೆಟ್ಟದ ತಪ್ಪಲಿನ ಹೋಮ್‌ಸ್ಟೇಗಳಿಂದ ಹಿಡಿದು ಕೋಲಾರ, ತುಮಕೂರಿನ ಹೆದ್ದಾರಿ ಹೋಟೆಲ್‌ಗಳವರೆಗೆ ಬಯಲಲ್ಲಿ ಬಟ್ಟೆ ಹೊದಿಸಿದ ಸೋಫಾ, ಬೆಂಚು ಹಾಕುವುದು ಈಗ ರೂಢಿಯಾಗಿದೆ. ಬೇಸಿಗೆಯಲ್ಲಿ ಕೊಂಡದ್ದು ದೀಪಾವಳಿ ಹೊತ್ತಿಗೆ ಮುಗ್ಗಲು ವಾಸನೆ ಹೊಡೆಯುತ್ತದೆ. ಗಿರಾಕಿಗಳು ‘ವಾಟರ್‌ಪ್ರೂಫ್ ಇದೆಯಾ’ ಎನ್ನುತ್ತಾರೆ, ಅಂಗಡಿಯವರು ರೆಕ್ಸಿನ್ ತೋರಿಸುತ್ತಾರೆ. ಕೆಡುವುದು ಅಲ್ಲಿಂದಲೇ. ರೆಕ್ಸಿನ್ ನೀರು ತಡೆದರೂ ಹೊಲಿಗೆಯ ಸೂಜಿತೂತುಗಳು ತಡೆಯುವುದಿಲ್ಲ. ಒಳಗೆ ಸೇರಿದ ನೀರು ಆವಿಯಾಗಿ ಹೊರಬರಲು ದಾರಿಯಿರುವುದಿಲ್ಲ. ಜೊತೆಗೆ ಅದನ್ನು ಮೆತ್ತಗಿಟ್ಟಿರುವ ಎಣ್ಣೆಯಂಥ ಅಂಶ ಬಿಸಿಲಿಗೆ ಹಾರಿಹೋಗಿ ಮೇಲ್ಮೈ ಬಿರುಕು ಬಿಡುತ್ತದೆ.

ಬಯಲಿಗೆ ಒಗ್ಗುವ ಬಟ್ಟೆ ಸೊಲ್ಯೂಷನ್ ಡೈಡ್ ಅಕ್ರಿಲಿಕ್. ಎಳೆ ತೆಗೆಯುವ ಮೊದಲೇ ದ್ರಾವಣಕ್ಕೆ ಬಣ್ಣ ಬೆರೆಸುವುದರಿಂದ ಎಳೆಯ ಒಳಗೂ ಹೊರಗೂ ಒಂದೇ ಬಣ್ಣ, ಬೇಗ ಮಾಸದು. ಬೆಲೆ ಹೆಚ್ಚು, ನಿಜ. ಆದರೆ ಪರದೆಯ ಬಟ್ಟೆ ಹೊದಿಸಿ ವರ್ಷವರ್ಷವೂ ಕೂಲಿ ಕೊಡುವುದು ಅದಕ್ಕಿಂತ ದುಬಾರಿ.

ಬಟ್ಟೆಗಿಂತ ದೊಡ್ಡ ತಪ್ಪು ಒಳಗಿನ ಸ್ಪಂಜಿನದು. ಮನೆಯೊಳಗಿನ ಸೋಫಾಕ್ಕೆ ಹಾಕುವ 32 ಡೆನ್ಸಿಟಿ ಫೋಮ್ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ದಿನಗಟ್ಟಲೆ ಆರುವುದಿಲ್ಲ. ಬೇಕಾದದ್ದು ಕ್ವಿಕ್ ಡ್ರೈ ಎಂದು ಸಿಗುವ, ಕಣ್ಣು ತೆರೆದ ಫೋಮ್. ಮೇಲೆ ಸುರಿದ ನೀರು ಜರಡಿಯಲ್ಲಿ ಇಳಿದಂತೆ ಕೆಳಗಿಳಿಯುತ್ತದೆ. ಅದನ್ನು ಹಾಕಿ ಕೆಳಭಾಗಕ್ಕೂ ದಪ್ಪ ಬಟ್ಟೆ ಹೊಲಿದರೆ ಪ್ರಯೋಜನವಿಲ್ಲ. ಕೆಳಗೆ ಪಾಲಿಯೆಸ್ಟರ್ ನೆಟ್ ಇರಬೇಕು.

22 ಇಂಚು ಚೌಕ, 4 ಇಂಚು ದಪ್ಪದ ಕುಶನ್‌ಗೆ ಲೆಕ್ಕ ಹೀಗೆ: ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಮೇಲಿನ ತುಂಡು 23×23, ಕೆಳಗಿನ ನೆಟ್ಟೂ ಅಷ್ಟೇ, ಪಕ್ಕದ ಪಟ್ಟಿ 5 ಇಂಚು ಅಗಲ. ಪೈಪಿಂಗ್‌ಗೆ, ಅಂದರೆ ಅಂಚಿನುದ್ದಕ್ಕೂ ಹುರಿ ಸುತ್ತಿ ಹೊಲಿಯುವ ಉಬ್ಬುಗೆರೆಗೆ, ಒಂದೂವರೆ ಇಂಚಿನ ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸಬೇಕು; ನೇರ ಕತ್ತರಿಸಿದರೆ ಮೂಲೆಯಲ್ಲಿ ಸುಕ್ಕು ಬೀಳುತ್ತದೆ. ಎಲ್ಲ ಸೇರಿ 54 ಇಂಚು ಅಗಲದ ಬಟ್ಟೆ ಒಂದು ಮೀಟರ್ ಸಾಕು. ಪೈಪಿಂಗ್ ಒಳಗೆ ಹತ್ತಿ ಹುರಿ ಹಾಕಬೇಡಿ, ಅದು ನೀರೆಳೆದು ಕುಶನ್ ಸುತ್ತಲೂ ಹಂಚುತ್ತದೆ. ಪ್ಲಾಸ್ಟಿಕ್ ಹುರಿ ಸಿಗುತ್ತದೆ. ಜಿಪ್ ಹಿಂಬದಿಯಲ್ಲಿ, ಎರಡೂ ಮೂಲೆ ದಾಟಿ ಮೂರು ಮೂರು ಇಂಚು ತಿರುಗಲಿ, ಅಂದರೆ 28 ಇಂಚು. ಅದಕ್ಕಿಂತ ಗಿಡ್ಡವಾದರೆ ಫೋಮ್ ತುರುಕುವಾಗ ತುದಿ ಕಿತ್ತುಬರುತ್ತದೆ. ದಪ್ಪ ಹಲ್ಲಿನ 5ನೇ ನಂಬರ್ ಪ್ಲಾಸ್ಟಿಕ್ ಜಿಪ್ ಆದರೆ ತುಕ್ಕಿನ ಭಯವಿಲ್ಲ.

ಇಷ್ಟೆಲ್ಲ ಮಾಡಿ ಮಾಮೂಲಿ ದಾರದಲ್ಲಿ ಹೊಲಿದರೆ ಬಟ್ಟೆ ಚೆನ್ನಾಗಿರುವಾಗಲೇ ಹೊಲಿಗೆ ಬಿಡುತ್ತದೆ. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ಬಿಸಿಲು ತಡೆಯುವ ಬಾಂಡೆಡ್ ಪಾಲಿಯೆಸ್ಟರ್ ದಾರ, 18ನೇ ನಂಬರ್ ಸೂಜಿ, ಇಂಚಿಗೆ ಆರೇಳು ಹೊಲಿಗೆ. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದು ನಮ್ಮ ಟೈಲರ್‌ಗಳು ನಂಬಿದ್ದಾರೆ. ಕುಶನ್ ಬಟ್ಟೆಯಲ್ಲಿ ಒತ್ತಾದ ತೂತುಗಳ ಸಾಲು ಹರಿಯಲು ಗೆರೆ ಹಾಕಿಕೊಟ್ಟ ಹಾಗೆ.

ಚೌಕಟ್ಟಿಗೆ 25 ಎಂ.ಎಂ. ಕಬ್ಬಿಣದ ಚೌಕ ಪೈಪ್ ಆದೀತು. ವೆಲ್ಡಿಂಗ್‌ನ ಸಣ್ಣ ಸಂದಿಯಿಂದ ನೀರು ಒಳಸೇರಿ ಪೈಪ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಪ್ರತಿ ಅಡ್ಡ ಪೈಪ್‌ನ ತಳದಲ್ಲಿ 6 ಎಂ.ಎಂ. ತೂತು ಕೊರೆಯಿರಿ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್ ಆದರೆ ವೆಲ್ಡಿಂಗ್ ಜಾಗದಲ್ಲಿ ಸತುವಿನ ಲೇಪ ಸುಟ್ಟಿರುತ್ತದೆ, ಅಲ್ಲಿಗೆ ಜಿಂಕ್ ಪೇಂಟ್ ಹಚ್ಚಲೇಬೇಕು. ಕುಶನ್ ಕೆಳಗೆ ಪ್ಲೈವುಡ್ ಹಲಗೆ ಬೇಡ. ಅರ್ಧ ಇಂಚು ಸಂದಿ ಬಿಟ್ಟ ಪಟ್ಟಿಗಳಿರಲಿ, ಹಿಂಬದಿಗೆ ಅರ್ಧ ಇಂಚು ಇಳಿಜಾರಿರಲಿ. ಮರಕ್ಕೆ ನೇರವಾಗಿ ಬಟ್ಟೆ ಹೊಡೆಯುವಲ್ಲಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಪಿನ್ನೇ ಬೇಕು. ಸಾಮಾನ್ಯ ಪಿನ್‌ನಿಂದ ಇಳಿಯುವ ಕಂದು ತುಕ್ಕಿನ ಕಲೆ ತೊಳೆದರೆ ಹೋಗದು.

ಕ್ವಿಕ್ ಡ್ರೈ ಫೋಮ್ ಕೈಗೆಟುಕದಿದ್ದರೆ ಕುಶನ್ನನ್ನೇ ಬಿಟ್ಟು ಎರಡಿಂಚಿನ ಪ್ಲಾಸ್ಟಿಕ್ ನವಾರು ನೇಯಿಸಿ. ಹಳೆಯ ಮಂಚದ ವಿದ್ಯೆಯೇ, ಕೂರಲೂ ಹಿತ. (ಬೆಟ್ಟದ ಮೇಲಿನವರಿಗಂತೂ ಇದೇ ಸರಿ; ಅಲ್ಲಿನ ಕೋತಿಗಳ ಮುಂದೆ ಯಾವ ಫೋಮ್ ತಾನೇ ಉಳಿದೀತು?)

ರಾತ್ರಿ ನೀಲಿ ಟಾರ್ಪಾಲಿನ್ ಬಿಗಿಯಾಗಿ ಸುತ್ತಿಡುವವರು ಬೂಷ್ಟನ್ನು ತಾವೇ ಸಾಕುತ್ತಿದ್ದಾರೆ. ಒಳಗಿನ ತೇವ ಅಲ್ಲೇ ಬೆವರಾಗಿ ನಿಲ್ಲುತ್ತದೆ. ಬದಿಗಳಲ್ಲಿ ಗಾಳಿಯಾಡಲು ಜಾಗ ಬಿಡಿ. ಅಕ್ರಿಲಿಕ್ ಎಳೆ ತಾನಾಗಿ ಕೊಳೆಯದು, ಬೂಷ್ಟು ಬೆಳೆಯುವುದು ಅದರ ಮೇಲಿನ ದೂಳು, ಚೆಲ್ಲಿದ ತಿಂಡಿಯಲ್ಲಿ. ಒಣ ಬ್ರಷ್‌ನಿಂದ ದೂಳು ತೆಗೆದು, ತಣ್ಣೀರಲ್ಲಿ ಕದಡಿದ ಸೋಪಿನಿಂದ ಉಜ್ಜಿ ತೊಳೆಯಿರಿ. ನಮ್ಮ ಭಾಗದ ಬೋರ್‌ವೆಲ್ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಕೊನೆಯ ಸಲ ಜಾಲಾಡಲು ಮಳೆನೀರಾದರೆ ಒಳ್ಳೆಯದು. ಇಸ್ತ್ರಿ ಮುಟ್ಟಿಸಬೇಡಿ.

ಬಿಲ್ಲಿನಲ್ಲಿ ‘ಔಟ್‌ಡೋರ್ ಸೋಫಾ’ ಎಂದಷ್ಟೇ ಬರೆದುಕೊಡುವ ಪದ್ಧತಿ ನಿಲ್ಲಬೇಕು. ಬಟ್ಟೆ ಯಾವುದು, ಫೋಮ್ ಯಾವುದು, ದಾರ ಯಾವುದು ಎಂಬುದನ್ನು ಅಂಗಡಿಯವರು ಅದರಲ್ಲೇ ನಮೂದಿಸಲಿ. ಐಟಿಐ ಹೊಲಿಗೆ ತರಗತಿಗಳಲ್ಲೂ ಕುಶನ್ ಕೆಲಸ ಕಲಿಸಲಿ; ಹೋಮ್‌ಸ್ಟೇಗಳಿರುವ ಕಡೆ ಅದಕ್ಕೆ ಕೂಲಿ ಇದೆ. ಕೊಳ್ಳುವವರು ಹಣ ಕೊಡುವ ಮೊದಲು ಕುಶನ್ ಮೇಲೆ ಒಂದು ಚೊಂಬು ನೀರು ನಿಧಾನವಾಗಿ ಸುರಿದು, ಐದು ನಿಮಿಷ ಓರೆಯಾಗಿ ನಿಲ್ಲಿಸಿ, ಆಮೇಲೆ ಎತ್ತಿ ತೂಕ ನೋಡಿ.

— ಕುಶನ್ ಕೆಲಸಗಾರರು, ಚಿಕ್ಕಬಳ್ಳಾಪುರ