ಮಣ್ಣಿನ ಶಿಲ್ಪಿಗೂ ಕಲಾಪುಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಕಲಾಪುಟವನ್ನು ತಪ್ಪದೆ ಓದುತ್ತೇನೆ. ಕಲ್ಲು, ಕಂಚಿನ ಶಿಲ್ಪಿಗಳ ಬಗ್ಗೆ ಚೆನ್ನಾಗಿ ಬರೆಯುತ್ತೀರಿ. ಆದರೆ ಮಣ್ಣಿನಲ್ಲಿ ಕೆಲಸ ಮಾಡುವವರು ಸುದ್ದಿಯಾಗುವುದು ಗಣಪತಿ ಹಬ್ಬಕ್ಕೆ, ದೀಪಾವಳಿಯ ಹಣತೆಗೆ, ಅಷ್ಟೇ. ಇದು ನನಗೆ ತುಂಬಾ ದಿನದಿಂದ ಬೇಸರ. ಮಣ್ಣಿನಲ್ಲಿ ದೊಡ್ಡ ಕೆಲಸ ಮಾಡಿದ ಗಯಾನಾದ ಶಿಲ್ಪಿ ಡೊನಾಲ್ಡ್ ಲಾಕ್ ಬಗ್ಗೆ ಒಂದು ಲೇಖನ ಹಾಕಿ ಎಂದು ಕೇಳಲು ಈ ಪತ್ರ.

ಲಾಕ್ ಹುಟ್ಟಿದ್ದು 1930ರಲ್ಲಿ, ದಕ್ಷಿಣ ಅಮೆರಿಕದ ಗಯಾನಾದ ಸ್ಟುವರ್ಟ್‌ವಿಲ್‌ನಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅಪ್ಪ ಬಡಗಿ, ಅಮ್ಮ ಶಾಲೆಯ ಟೀಚರ್. ಅದು ಕಬ್ಬಿನ ತೋಟಗಳ ಸೀಮೆ. ಮೊದಲು ಆಫ್ರಿಕಾದ ಗುಲಾಮರನ್ನು ದುಡಿಸಿದ ನೆಲ. 1838ರಿಂದ ನಮ್ಮ ದೇಶದ ಕೂಲಿಗಳನ್ನೂ ಹಡಗಿನಲ್ಲಿ ತುಂಬಿ ಒಯ್ದದ್ದು ಅಲ್ಲಿಗೇ. ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಕಲಾವಿದ ಇ.ಆರ್. ಬರೋಸ್ ದುಡಿಯುವ ಜನರಿಗಾಗಿ ನಡೆಸುತ್ತಿದ್ದ ಕಲಾ ತರಗತಿಯಲ್ಲಿ ಲಾಕ್ ಕಲಿತರು. 1954ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಮಣ್ಣು ಅವರ ಕೈ ಹಿಡಿಯಿತು.

ಅವರ 'ಟ್ರೋಫೀಸ್ ಆಫ್ ಎಂಪೈರ್' (ಸಾಮ್ರಾಜ್ಯದ ಟ್ರೋಫಿಗಳು) ಎಂಬ ಕೃತಿ 1972ರಿಂದ 74ರವರೆಗೆ ಮಾಡಿದ್ದು. ನಮ್ಮ ಮನೆಗಳಲ್ಲಿ ಕಪ್ಪು, ಶೀಲ್ಡು ಇಡುವ ಶೋಕೇಸ್ ಇರುತ್ತಲ್ಲ, ಹಾಗೇ ಒಂದು ಮರದ ಕಪಾಟು. ಖಾನೆಗಳಲ್ಲಿ ಸುಟ್ಟ ಮಣ್ಣಿನ ಕರಿ ಆಕೃತಿಗಳು. ಕೊಳವೆಯ ಹಾಗೆ ನೆಟ್ಟಗೆ, ತುದಿ ಮಾತ್ರ ಗುಂಡಗೆ. ಕೆಲವು ಬಹುಮಾನದ ಬಟ್ಟಲಿನಂಥ ಪೀಠದ ಮೇಲೆ ನಿಂತಿವೆ. ಬೇಡಿ ತೊಡಿಸಿಕೊಂಡವೂ ಇವೆ. ಬಡಗಿಯ ಮಗ ಕಪಾಟನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ ನನಗೆ.

ಇದರ ಫೋಟೊವನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸಿದೆ. ಹೆಸರು, ಅರ್ಥ ಏನೂ ಹೇಳಲಿಲ್ಲ. "ಬಂದೂಕಿನ ಗುಂಡು ಸಾರ್" ಎಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿ, "ಅಲ್ಲ ಸಾರ್, ಜನ. ಗೆದ್ದವರು ಜನರನ್ನು ತಂದು ಶೋಕೇಸಲ್ಲಿ ಇಟ್ಕೊಂಡಿದ್ದಾರೆ" ಎಂದಳು. ನಾನು ಮತ್ತೆ ವಿವರಿಸಲು ಏನೂ ಉಳಿಯಲಿಲ್ಲ.

ಇದನ್ನೇ ಕಂಚಿನಲ್ಲಿ ಎರಕ ಹೊಯ್ದಿದ್ದರೆ ಈ ನೋವು ಬರುತ್ತಿತ್ತಾ? ಮಣ್ಣು ಬೆಂಕಿಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಆದರೂ ಕೈತಪ್ಪಿದರೆ ಚೂರು. ತೋಟದಲ್ಲಿ ದುಡಿದವರ ಬದುಕನ್ನು ಹೇಳಲು ಇದಕ್ಕಿಂತ ತಕ್ಕದ್ದು ಯಾವುದಿದೆ? ಮಣ್ಣಿನ ಕೆಲಸ ಎಂದರೆ ಹೂಕುಂಡ, ಟೈಮ್‌ಪಾಸ್ ಎನ್ನುವವರು ಈ ಕಪಾಟಿನ ಮುಂದೆ ಒಂದು ನಿಮಿಷ ನಿಲ್ಲಬೇಕು.

1979ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಅಮೆರಿಕದ ಧನಸಹಾಯ ಪಡೆದು ಲಾಕ್ ಅಮೆರಿಕಕ್ಕೆ ಹೋದರು. 2010ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡರು. ಮಗ ಹ್ಯೂ ಲಾಕ್ ಇಂದು ಹೆಸರಾಂತ ಶಿಲ್ಪಿ. ಆ ಕಪಾಟು ಈಗ ಬ್ರಿಟನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಯಾವ ಸಾಮ್ರಾಜ್ಯದ ಬಗ್ಗೆ ಮಾಡಿದ್ದರೋ, ಅದರದೇ ನೆಲದಲ್ಲಿ.

ಅರ್ಧ ಪುಟ ಕೊಟ್ಟರೂ ಸಾಕು. ಫೋಟೊ ಮಾತ್ರ ದೊಡ್ಡದಾಗಿ ಹಾಕಿ, ಬೇಡಿಗಳು ಕಾಣಬೇಕು.

ಇಂತಿ,
ಹೈಸ್ಕೂಲಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು, ದಾವಣಗೆರೆ