ಅಪ್ಪನ ಮಾತು ಕೇಳಿದರೆ ಅಂಕ ಕಡಿಮೆಯಾ?

ಮಾನ್ಯ ಸಂಪಾದಕರೇ,

ನಮ್ಮ ಪಿಯು ಕಾಲೇಜಿನಲ್ಲಿ ಈ ಸಲ ಮಕ್ಕಳ ಮಾನಸಿಕ ನೆಮ್ಮದಿ ಅಳೆಯುವ ಪ್ರಶ್ನಾವಳಿ ಹಂಚಿದರು. ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2022ರ ಎನ್‌ಸಿಇಆರ್‌ಟಿ ಸಮೀಕ್ಷೆಯಲ್ಲಿ ಶೇ 81ರಷ್ಟು ಮಕ್ಕಳು ಓದು, ಪರೀಕ್ಷೆ, ಫಲಿತಾಂಶವೇ ತಮ್ಮ ಆತಂಕಕ್ಕೆ ಕಾರಣ ಅಂದಿದ್ದರು. ನನ್ನ ತಕರಾರು ಇರೋದು ಅಂಕ ಕೊಡುವ ರೀತಿಯ ಬಗ್ಗೆ.

ಹಂಚಿದ್ದು ಅಮೆರಿಕದ ಮನಃಶಾಸ್ತ್ರಜ್ಞೆ ಕರೋಲ್ ರಿಫ್ 1989ರಲ್ಲಿ ರೂಪಿಸಿದ ಮಾಪನದ ಕನ್ನಡ ರೂಪ. ಆರು ಅಂಶಗಳಲ್ಲಿ ಸ್ವಾಯತ್ತತೆ, ಅಂದರೆ ತನ್ನ ನಿರ್ಧಾರ ತಾನೇ ಮಾಡುವ ಗುಣವೂ ಒಂದು. ಗಟ್ಟಿ ಅಭಿಪ್ರಾಯ ಇರುವವರ ಮಾತಿಗೆ ನಾನು ಒಳಗಾಗುತ್ತೇನೆ ಎಂಬಂಥ ಹೇಳಿಕೆಗೆ ಹೌದು ಅಂದರೆ ಅಂಕ ಇಳಿಯುತ್ತೆ. ಒಬ್ಬ ಹುಡುಗಿ ಅಲ್ಲಿಗೆ ಬಂದು ಪೆನ್ನು ಹಿಡಿದು ಸುಮ್ನೆ ಕೂತಿದ್ದಳು. "ಮ್ಯಾಮ್, ಅಪ್ಪ ಹೇಳಿದ್ರು ಅಂತ ಕಾಮರ್ಸ್ ತಗೊಂಡೆ, ಈಗ ನನಗೂ ಇಷ್ಟ, ಇದಕ್ಕೆ ಏನು ಹಾಕ್ಲಿ?" ಅಂದಳು. ಏನು ಹೇಳೋದು? ಅಪ್ಪನ ಮಾತಿಗೆ ಮನಸಾರೆ ಒಪ್ಪಿದ ಇವಳಿಗೂ, ನೀಟ್ ಬೇಡ ಅಂತ ಅತ್ತರೂ ಬಿಡದೆ ಕೋಚಿಂಗ್‌ಗೆ ಸೇರಿಸಿದ ಹುಡುಗನಿಗೂ ಆ ಸಾಲಿನಲ್ಲಿ ಒಂದೇ ಅಂಕ. ನಿಜವಾಗಿ ಕಷ್ಟದಲ್ಲಿರುವವನು ಲೆಕ್ಕದಲ್ಲಿ ಕಾಣೋದೇ ಇಲ್ಲ, ಅಲ್ವಾ?

ಇದು ಹೊಸ ದೂರೇನಲ್ಲ. ಮನಃಶಾಸ್ತ್ರದ ಅಧ್ಯಯನಗಳು ಹೆಚ್ಚಾಗಿ ಪಾಶ್ಚಾತ್ಯ, ಓದಿದ, ಉಳ್ಳವರ ಸಮಾಜಗಳಲ್ಲೇ ನಡೆಯುತ್ತವೆ, ಬಂದ ಉತ್ತರವನ್ನು ಮಾತ್ರ ಎಲ್ಲ ಮನುಷ್ಯರಿಗೂ ಅನ್ವಯಿಸುತ್ತಾರೆ ಎಂದು ಸಂಶೋಧಕ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ಬರೆದಿದ್ದರು. ನಮ್ಮಲ್ಲಿ ಮಾತ್ರ ಪ್ರಶ್ನೆಗಳನ್ನು ಕನ್ನಡಕ್ಕೆ ತಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ. ಹಾಳೆಯ ಮೇಲೆ ರೋಲ್ ನಂಬರ್ ಬರೆಸಿದರು! ಒಂದೇ ಬೆಂಚಿನಲ್ಲಿ ಮೂವರು ಕೂತು, ಲೆಕ್ಚರರ್ ಪಕ್ಕದಲ್ಲೇ ಓಡಾಡುತ್ತಿರುವಾಗ, "ನನಗೆ ಬದುಕಿನಲ್ಲಿ ಗುರಿ ಇಲ್ಲ" ಅಂತ ಯಾವ ಮಗು ಬರೆಯುತ್ತೆ? "ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಇದೆಯಾ" ಅಂತ ಕೇಳಿದವರೂ ಇದ್ದರು, ಪಕ್ಕದವರದ್ದು ನೋಡಿ ಬರೆದವರೂ ಇದ್ದರು.

ಪಿಯು ಇಲಾಖೆ ಇಂಥದ್ದನ್ನು ಮಾಡಿಸುವುದಾದರೆ ಮೊದಲು ಬೇರೆ ಬೇರೆ ಜಿಲ್ಲೆಯ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸಲಿ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ, ಅಲ್ಲಿನ ತಜ್ಞರ ನೆರವು ಕೇಳಬಹುದು. ಮನೆಯವರ ಮಾತು ಕೇಳ್ತೀಯಾ ಅನ್ನೋದಕ್ಕಿಂತ, ಬೇಡ ಅನಿಸಿದಾಗ ಮನೆಯಲ್ಲಿ ಹೇಳೋಕೆ ಆಗುತ್ತಾ ಅಂತ ಕೇಳಲಿ. ರೋಲ್ ನಂಬರ್ ತೆಗೆದುಹಾಕಿ, ಹಾಳೆಯ ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಅಚ್ಚು ಹಾಕಲಿ.

– ಪಿಯು ಉಪನ್ಯಾಸಕಿ, ಹಾಸನ